ಅಗೆಯಬಾರದ ರಸ್ತೆ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಪ್ಲಾಸ್ಟಿಕ್ ಕುರ್ಚಿ. ಮಂಗಳವಾರ ಬೆಳಿಗ್ಗೆ ಜೆಸಿಬಿ ಯಂತ್ರವನ್ನು ಹಿಂದೆ ಕರೆದುಕೊಂಡು ಬೈಕಿನಲ್ಲಿ ಬಂದ ಚನಬಸಪ್ಪ, ಹೆಬ್ಬಗೋಡಿಯ ಕೆರೆಕೋಡಿ ರಸ್ತೆಯ ನಟ್ಟನಡುವೆ, ತಾನು ಹಿಂದಿನ ಸಂಜೆ ಸುಣ್ಣದ ಗೆರೆ ಎಳೆಸಿದ್ದ ಜಾಗದಲ್ಲೇ ಆ ಕುರ್ಚಿಯನ್ನು ಕಂಡ. ಅದರ ಮೇಲೆ ಭುವನೇಶ್ವರಿ ಕೂತಿದ್ದಳು. ತಲೆಯ ಮೇಲೆ ಛತ್ರಿ, ಕೈಯಲ್ಲಿ ಚಹಾದ ಲೋಟ, ಮುಖದಲ್ಲಿ ಮದುವೆಮನೆಯಲ್ಲಿ ತಾಂಬೂಲ ಹಂಚಲು ಕೂತವರ ಸಮಾಧಾನ.

ಭುವನೇಶ್ವರಿ ರಸ್ತೆ ಇಲಾಖೆಯ ಇಂಜಿನಿಯರು. ಚನಬಸಪ್ಪ ನೀರಿನ ಇಲಾಖೆಯ ಇಂಜಿನಿಯರು. ಹಿಂದೆ ಇಬ್ಬರೂ ಗಂಡ ಹೆಂಡತಿ. ಬಾಗಲಕೋಟೆ ಕಡೆಯಿಂದ ನೌಕರಿಗಾಗಿ ಒಟ್ಟಿಗೆ ಬಂದವರು ಆನೇಕಲ್ಲಿನಲ್ಲಿ ಕೆಲವು ವರ್ಷ ಸಂಸಾರ ಮಾಡಿ, ಕಡೆಗೆ ಕೋರ್ಟಿಗೆ ಹೋಗಿ ಬೇರೆಯಾದರು. ಇನ್ನು ಅವಳ ಮುಖ ನೋಡಬಾರದೆಂದು ಚನಬಸಪ್ಪ ಹೆಬ್ಬಗೋಡಿಗೆ ವರ್ಗ ಮಾಡಿಸಿಕೊಂಡ. ಮಳೆಗಾಲ ಮುಗಿಯುವುದರೊಳಗೆ ಅವಳೂ ಹೆಬ್ಬಗೋಡಿಗೇ ಬಂದಳು. ಬಂದದ್ದು ಅದೇ ಕಟ್ಟಡಕ್ಕೆ, ಅವನ ತಲೆಯ ಮೇಲಿನ ಮಹಡಿಗೆ. ಅವಳು ಕುರ್ಚಿ ಎಳೆದ ಸದ್ದಿನಲ್ಲೇ ಅವಳ ಸಿಟ್ಟು ಎಷ್ಟೆಂದು ಅವನಿಗೆ ಕೆಳಗೆ ತಿಳಿಯುತ್ತಿತ್ತು.

ಕಟ್ಟಡ ಊರಿನ ಹಳೆಯ ಗೌಡರಾದ ಹನುಮಂತರಾಯಪ್ಪನವರದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಕಟ್ಟಡ ಬೆಳೆಸಿ, ಕೆಳಗೆ ನೀರಿನ ಇಲಾಖೆಯನ್ನೂ ಮೇಲೆ ರಸ್ತೆ ಇಲಾಖೆಯನ್ನೂ ಇಟ್ಟುಕೊಂಡಿದ್ದರು. ಎರಡು ಇಲಾಖೆಗಳಿಗೆ ಹುಟ್ಟಿನಿಂದಲೇ ಆಗಿಬರುತ್ತಿರಲಿಲ್ಲ. ಇವರು ಪೈಪು ಹಾಕಲು ಬಂದರೆ ಅವರಿಗೆ ರಸ್ತೆ ಹಾಳಾಯಿತೆಂಬ ಸಂಕಟ. ಅವರು ಡಾಂಬರು ಹಾಕಿದರೆ ಇವರಿಗೆ ಪೈಪು ಮುಚ್ಚಿಹೋಯಿತೆಂಬ ಸಂಕಟ. ಮೇಲಿನವರು ಕೆಳಗಿನವರ ಬಾಗಿಲಿಗೆ ಡಾಂಬರಿನ ಪೀಪಾಯಿ ಅಡ್ಡ ಇಡುವುದು, ಕೆಳಗಿನವರು ಮೇಲಿನವರ ಪಾಯಿಖಾನೆಯ ನೀರು ನಿಲ್ಲಿಸುವುದು, ಇದು ದಿನವಹಿ ನಡೆಯುವ ಕಚೇರಿ ಕೆಲಸವಾಗಿತ್ತು. ಈ ಜಗಳ ಬಿಡಿಸಲೆಂದೇ ಸರ್ಕಾರ ಎರಡಕ್ಕೂ ಮೇಲೆ ಒಬ್ಬ ದೊಡ್ಡ ಸಾಹೇಬರನ್ನು ನೇಮಿಸಿತ್ತು. ಅವರು ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ನ್ಯಾಯ ಹೇಳುತ್ತಿದ್ದರು.

ಗುಂಡಿ ಬಿದ್ದ ಕೆರೆಕೋಡಿ ರಸ್ತೆಯ ಈಚೆ ಬದಿಗೆ ನೀರಿನ ದೊಡ್ಡ ಪೈಪು ಬಂದು ನಿಂತು ಬಹಳ ದಿನಗಳಾಗಿದ್ದವು. ಆಚೆ ಬದಿಯಲ್ಲಿ ಬೆಂಕಿಪೊಟ್ಟಣ ಜೋಡಿಸಿದಂತೆ ಸಾಲು ಕೋಣೆಗಳ ವಠಾರ. ಅಲ್ಲಿರುವವರೆಲ್ಲ ಗಾರೆ ಕೆಲಸಕ್ಕೆ, ಕಾರ್ಖಾನೆ ಕೆಲಸಕ್ಕೆ ಉತ್ತರದ ಜಿಲ್ಲೆಗಳಿಂದ ಬಂದವರು. ನೀರಿಗಾಗಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವುದು ಅವರ ಎರಡನೆಯ ಉದ್ಯೋಗ. ಆ ವಠಾರದ ಹೊಳೆವ್ವ ಎಂಬ ಹೆಣ್ಣುಮಗಳು ಹಿಂದಿನ ವಾರ ಖಾಲಿ ಕೊಡವನ್ನು ಚನಬಸಪ್ಪನ ಮೇಜಿನ ಮೇಲೆ ಕುಕ್ಕಿ, ನಮ್ಮೂರ ಮಗನಾಗಿ ಕೂತು ನಮ್ಮ ಬಾಯಿ ಒಣಗಿಸುತ್ತೀಯಲ್ಲ ಎಂದು ಕೇಳಿದ್ದಳು. ಚನಬಸಪ್ಪ ದಿನಾ ಲಿಂಗಪೂಜೆಯಾಗದೆ ಹನಿ ನೀರು ಬಾಯಿಗೆ ಹಾಕದ ಮನುಷ್ಯ. ಕೊರಳಿನ ಲಿಂಗ ಮುಟ್ಟಿ, ಮುಂದಿನ ಮಂಗಳವಾರ ಹೊತ್ತು ಮುಳುಗುವುದರೊಳಗೆ ನಿಮ್ಮ ನಲ್ಲಿಯಲ್ಲಿ ನೀರು ಬರುತ್ತದೆ ಎಂದು ಮಾತು ಕೊಟ್ಟುಬಿಟ್ಟ.

ಮಾತು ಕೊಟ್ಟದ್ದೇ ತಡ, ಅದೇ ಮಂಗಳವಾರ ಸಂಜೆ ಕೆರೆಕೋಡಿ ರಸ್ತೆಗೆ ಡಾಂಬರು ಬೀಳುತ್ತದೆಂಬ ಸುದ್ದಿ ಮೇಲಿನ ಮಹಡಿಯಿಂದ ಇಳಿದು ಬಂತು. ಹೊಸ ಡಾಂಬರು ಬಿದ್ದರೆ ವರ್ಷಗಟ್ಟಲೆ ಯಾರೂ ಆ ರಸ್ತೆಗೆ ಹಾರೆ ಹಾಕುವಂತಿಲ್ಲ. ವಠಾರಕ್ಕೆ ಟ್ಯಾಂಕರೇ ಗತಿ, ಚನಬಸಪ್ಪ ಲಿಂಗ ಮುಟ್ಟಿ ಹೇಳಿದ ಮಾತಿಗೆ ಮಣ್ಣೇ ಗತಿ.

ಬೈಕು ನಿಲ್ಲಿಸಿ ಅವನು ಕುರ್ಚಿಯ ಮುಂದೆ ಬಂದು ನಿಂತ. "ಏನಿದು?" ಎಂದ.

"ಕುರ್ಚಿ," ಎಂದಳು ಭುವನೇಶ್ವರಿ.

"ಮೇಡಂ, ಇಲ್ಲಿ ನಾವು ಅಗೀಬೇಕು. ಏಳ್ರಿ."

"ಅಗೀಬ್ಯಾಡ್ರಿ," ಎಂದಳು ಅವಳು, ಚಹಾ ಗುಟುಕರಿಸುತ್ತ. "ಸಂಜಿಕ ಡಾಂಬರ್ ಹಾಕೂದೈತಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ಮನಿಗೆ ಹೋಗಿ ತಣ್ಣಗ ಮಲಕೋರಿ."

ತಣ್ಣಗೆ ಮಲಗಿಕೊಳ್ಳಿ ಎಂಬ ಮಾತು ಕೇಳಿ ಚನಬಸಪ್ಪನ ಹಣೆಯ ವಿಭೂತಿ ಬಿರುಕು ಬಿಟ್ಟಿತು. ಅಗೆದೇ ತೀರುತ್ತೇನೆ ಎಂದ. ಅವಳು ಬೇಡ ಎಂದಳು. ಅವನು ಬೇಕು ಎಂದ. ರಸ್ತೆಯ ಎರಡೂ ಬದಿಯ ಕಿಟಕಿಗಳಲ್ಲಿ ಮುಖಗಳು ಹೂಬಿಟ್ಟವು. ಕಡೆಗೆ ಅವಳು ನಿಧಾನವಾಗಿ ಎದ್ದು, ಕುರ್ಚಿಯನ್ನು ತಾನೇ ಎತ್ತಿಕೊಂಡು, ನಿಮ್ಮ ಹಣೆಬರಹ ಎನ್ನುವಂತೆ ಕೈ ತಿರುಗಿಸಿ ನೆರಳಿಗೆ ಹೋದಳು. ಗೆದ್ದೆನೆಂದು ಚನಬಸಪ್ಪ ಜೆಸಿಬಿಯ ಕಡೆ ತಿರುಗಿ ನೋಡುತ್ತಾನೆ, ಜೆಸಿಬಿ ಹಿಂದೆ ಹಿಂದೆ ಸರಿದುಕೊಂಡು ಹೊಸೂರು ರಸ್ತೆಯ ಕಡೆ ಹೊರಟಿದೆ.

ಯಂತ್ರವೂ ಹನುಮಂತರಾಯಪ್ಪನವರದೇ. ಅವರು ಪಂಚೆಯ ತುದಿ ಹಿಡಿದು ಓಡಿ ಬಂದರು.

"ಇಂಜಿನಿಯರ್ ಸಾಮಿ, ಬೇಜಾರ್ ಮಾಡ್ಕಬ್ಯಾಡಿ. ಮೇಡಮ್ನೋರು ಈಗ್ತಾನೆ ಪೋನ್ ಮಾಡಿ ಮಿಸೀನ್ ವಾಪಸ್ ಕರೀರಿ ಅಂದ್ರು. ಮ್ಯಾಲಿನ್ ಬಾಡ್ಗೆನೂ ನಂದೇ, ಕೆಳಗಿನ್ ಬಾಡ್ಗೆನೂ ನಂದೇ. ಇಬ್ರೂ ಇಂಗ್ ಕಿತ್ತಾಡಿದ್ರೆ ನಾನ್ ಎಂಗೆ ಬದುಕ್ಲಿ?"

"ನಾ ಅಗಿಯೂದು ಅಗಿಯೂದೇ ಗೌಡ್ರ," ಎಂದ ಚನಬಸಪ್ಪ. "ಜೆಸಿಬಿ ಇಲ್ದಿದ್ರ ಚಮಚಾ ತಗೊಂಡ್ ಅಗೀತೀನಿ."

ಗೌಡರು ಅವನನ್ನು ಮೇಲಿಂದ ಕೆಳಗೆ ನೋಡಿ, ಚಮಚವನ್ನೂ ಮೇಡಮ್ಮನವರು ವಾಪಸು ಕರೆಸಿಯಾರೆಂದು ಗೊಣಗಿಕೊಂಡು ಹೋದರು.

ಬೇರೆ ಯಂತ್ರಕ್ಕಾಗಿ ಚನಬಸಪ್ಪ ಬೊಮ್ಮನಹಳ್ಳಿಯವರೆಗೆ ಬೈಕು ಓಡಿಸಿದ. ಅಲ್ಲಿ ಒಂದು ಯಂತ್ರಕ್ಕೆ ಚಾಲಕನಿರಲಿಲ್ಲ, ಇನ್ನೊಂದಕ್ಕೆ ಚಾಲಕನಿದ್ದ ಚಕ್ರವಿರಲಿಲ್ಲ. ಹೊಸೂರು ರಸ್ತೆಯ ಲಾರಿಗಳ ಧೂಳನ್ನೆಲ್ಲ ಮೈಗೆ ಬಳಿದುಕೊಂಡು ತಿರುಗಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ರಸ್ತೆಯ ಪಕ್ಕದ ಹೊಂಗೆಮರದ ಕೆಳಗೆ ಅವನ ಫಿಟ್ಟರ್ ಇರಣ್ಣ, ಪೈಪುಗಳಿಗೆ ಕಾವಲು ಕೂತಿದ್ದವನು, ಬಟ್ಟೆ ಸುತ್ತಿದ ಒಂದು ಬುತ್ತಿಯನ್ನು ಮುಂದೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಮೇಡಂ ಕಳಿಸಿದ್ದಾರೆ, ಅವರ ತಾಯಿ ಊರಿಂದ ಬಂದಿದ್ದಾರಂತೆ, ನಿಮಗೆಂದೇ ಮಾಡಿದ್ದಂತೆ ಎಂದ.

ಚನಬಸಪ್ಪ ಬಟ್ಟೆ ಬಿಚ್ಚಿದ. ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು. ಒಂದು ಗಳಿಗೆ ಅವನ ಕಣ್ಣು ಮಂಜಾಯಿತು. ಬೇರೆಯಾದ ಮೇಲೆ ಅವನು ಕೋಣೆಯಲ್ಲಿ ಎರಡು ಹೊತ್ತೂ ಉಪ್ಪಿಟ್ಟು ಕಲಸಿಕೊಂಡು, ಗೋಡೆಯ ಮೇಲಿನ ಬಸವಣ್ಣನ ಪಟಕ್ಕೆ ತೋರಿಸಿ ತಿನ್ನುತ್ತಿದ್ದ. ಆ ಪಟವೂ ಈಚೆಗೆ ಮುಖ ತಿರುಗಿಸಿಕೊಂಡಂತೆ ಅವನಿಗೆ ಕಾಣುತ್ತಿತ್ತು. ಅತ್ತೆಯ ಕೈಯ ಎಣ್ಣೆಗಾಯಿ ತಿಂದರೆ ಮನುಷ್ಯ ಸಂಜೆಯವರೆಗೆ ಏಳುವುದಿಲ್ಲವೆಂಬುದು ಅವನ ಅನುಭವ. ಭುವನೇಶ್ವರಿಗೂ ಅದು ಗೊತ್ತು.

ಹಲ್ಲು ಕಚ್ಚಿ ಬುತ್ತಿಯನ್ನು ಇರಣ್ಣನ ಕಡೆ ನೂಕಿ, ಇದು ವಿಷ, ನೀನೇ ತಿನ್ನು ಎಂದ. ಇರಣ್ಣ ಸ್ವಾಮಿಭಕ್ತ. ಒಂದು ಚೂರೂ ಬಿಡದೆ ವಿಷವನ್ನೆಲ್ಲ ತಿಂದ. ಮೊಸರಿನ ಡಬ್ಬಿಯನ್ನು ಬೆರಳಿನಿಂದ ಒರೆಸಿ ನೆಕ್ಕಿದ. ಆಮೇಲೆ ಪೈಪಿಗೆ ಒರಗಿದವನು ಹಾಗೇ ಜಾರಿ, ಕಡಿದು ಕೆಡವಿದ ಹುಣಸೆಯ ದಿಮ್ಮಿಯಂತೆ ಬಿದ್ದುಕೊಂಡ. ಹೆಸರು ಹಿಡಿದು ಕೂಗಿದರೂ, ಮುಖಕ್ಕೆ ನೀರು ಚಿಮುಕಿಸಿದರೂ ಗೊರಕೆ ರಾಗ ಬದಲಿಸಿತೇ ಹೊರತು ನಿಲ್ಲಲಿಲ್ಲ. ಪೈಪು ಜೋಡಿಸಬಲ್ಲ ಒಬ್ಬನೇ ಒಬ್ಬ ಫಿಟ್ಟರ್ ಹೀಗೆ ಮಲಗಿದ ಮೇಲೆ, ಚನಬಸಪ್ಪ ಹಸಿದ ಹೊಟ್ಟೆಯಲ್ಲಿ ಎದ್ದು ನಿಂತ.

ಆಗ ಭುವನೇಶ್ವರಿ ಮತ್ತೆ ಬಂದಳು. ಈ ಸಲ ಕುರ್ಚಿಯಿರಲಿಲ್ಲ. ಮುಖದಲ್ಲಿ ಕನಿಕರವಿತ್ತು.

"ರೀ, ಮಂಗಳವಾರ ಐತಿ. ರಾಹುಕಾಲ ಹತ್ತಿತು. ನಿಮ್ಮವ್ವ ಇದ್ದಿದ್ರ ಈ ಹೊತ್ತಿನ್ಯಾಗ ಹೊಸ್ತಿಲ ದಾಟಾಕ ಬಿಡ್ತಿದ್ದಿಲ್ಲ. ನೀವು ಭೂಮಿಗೆ ಹಾರಿ ಹಾಕ್ತೀರೇನು? ಬ್ಯಾಡ್ರಿ."

ಮಾತು ನೇರವಾಗಿ ಎದೆಗೆ ತಾಗಿತು. ಚನಬಸಪ್ಪ ರಾಹುಕಾಲದಲ್ಲಿ ಹೊಸ ಚಪ್ಪಲಿಯನ್ನೂ ಮೆಟ್ಟುವವನಲ್ಲ. ಅವನು ಹೊಂಗೆಮರದ ಕೆಳಗೆ ಹೋಗಿ ಕೂತು, ಕಣ್ಣು ಮುಚ್ಚಿ ಶಿವನಾಮ ಹೇಳಿಕೊಂಡ. ನಾಮದ ನಡುವೆ ಇರಣ್ಣನ ಗೊರಕೆ. ಗೊರಕೆಯ ನಡುವೆ ಖಾಲಿ ಕೊಡಗಳ ಸದ್ದು. ಕಣ್ಣು ತೆರೆದರೆ ರಸ್ತೆಯ ಆಚೆ ಹೊಳೆವ್ವ ನಿಂತಿದ್ದಳು. ಅವಳ ಹಿಂದೆ ರಾತ್ರಿ ಪಾಳಿ ಮುಗಿಸಿ ಎದ್ದು ಬಂದ ಗಂಡಸರು, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸರು, ಎಲ್ಲರ ಕೈಯಲ್ಲೂ ಗುದ್ದಲಿ, ಹಾರೆ, ಬುಟ್ಟಿ.

"ಯಪ್ಪಾ," ಎಂದಳು ಹೊಳೆವ್ವ, "ನಾವು ಮಂದೀ ಮನಿ ಕಟ್ಟಾಕ ದಿನಾ ನೆಲ ಅಗೀತೀವಿ. ಇವತ್ತ ನಮ್ಮ ಬಾಯಿಗಿ ನೀರಿಗಂತ ಅಗೀತೀವಿ. ಎಲ್ಲಿ ಅಗೀಬೇಕು, ತೋರಸು."

ಚನಬಸಪ್ಪ ಎದ್ದ. ಬಾಯಾರಿದವರಿಗೆ ನೀರು ಕೊಡುವ ಕೆಲಸಕ್ಕೆ ಕೆಟ್ಟ ಗಳಿಗೆ ಎಂಬುದಿದ್ದರೆ ಆ ಪಾಪ ತನ್ನ ತಲೆಗೇ ಬರಲಿ ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡ. ಅಂಗಿಯ ತೋಳು ಮಡಚಿ, ಹೊಳೆವ್ವನ ಕೈಯಿಂದ ಹಾರೆ ಇಸಿದುಕೊಂಡು, ಸುಡು ಬಿಸಿಲಿನ ರಾಹುಕಾಲದಲ್ಲಿ ಕೆರೆಕೋಡಿ ರಸ್ತೆಗೆ ಮೊದಲ ಏಟು ಹಾಕಿದ. ಹಾರೆ ಕಲ್ಲಿಗೆ ಬಡಿದು, ಅವನ ಹಲ್ಲುಗಳೆಲ್ಲ ಒಂದರ ಜಾಗಕ್ಕೆ ಒಂದು ಹೋಗಿ ಬಂದವು. ಆದರೂ ಎರಡನೆಯ ಏಟು ಹಾಕಿದ. ಅಷ್ಟರಲ್ಲಿ ವಠಾರವೆಲ್ಲ ರಸ್ತೆಗೆ ಇಳಿಯಿತು.

ಭುವನೇಶ್ವರಿ ಹಣೆ ಹಣೆ ಬಡಿದುಕೊಂಡಳು. ಎಲ್ಲರಿಗೂ ಕೇಳುವಂತೆ ದೊಡ್ಡ ಸಾಹೇಬರಿಗೆ ಫೋನು ಹಚ್ಚಿ, ಸರ್ ನಾನು ಬೆಳಿಗ್ಗೆಯಿಂದ ಬೇಡ ಬೇಡ ಅಂತಿದ್ದೇನೆ, ಕಾಲು ಹಿಡಿಯುವುದೊಂದು ಬಾಕಿ, ನೀರಿನವರು ರಸ್ತೆಯನ್ನು ಹಾಳುಗೆಡವುತ್ತಿದ್ದಾರೆ ಎಂದು ದೂರಿದಳು. ಮಾತಿನ ಕೊನೆಗೆ ಸಣ್ಣಗೆ ಮೂಗನ್ನೂ ಎಳೆದುಕೊಂಡಳು. ಸಾಹೇಬರು ಅವನ ಕೈಗೆ ಫೋನು ಕೊಡಲು ಹೇಳಿದರು.

"ರೀ ಚನಬಸಪ್ಪ, ಯಾರ್ರೀ ಅಗೆಯೋಕೆ ಹೇಳಿದ್ದು ನಿಮಗೆ? ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?"

ಪಕ್ಕದಲ್ಲಿ ಭುವನೇಶ್ವರಿ ಕೈ ಮುಗಿದು, ಹೊಣೆ ಮಾತ್ರ ಹೊರಬೇಡಿ ಎಂದು ಪಿಸುಗುಟ್ಟಿದಳು. ಅದನ್ನು ಕೇಳಿದ್ದೇ ಚನಬಸಪ್ಪನ ಎದೆ ಗರಡಿಯ ಪೈಲ್ವಾನನ ಎದೆಯಂತೆ ಉಬ್ಬಿತು.

"ನಾನೇ ಸರ್ ಹೊಣೆ. ಈ ರಸ್ತೆ ಪೂರ್ತಿ ನನ್ನ ಜವಾಬ್ದಾರಿ. ಬೇಕಾದ್ರೆ ನೂರು ಜನರ ಮುಂದೆ ಹೇಳ್ತೀನಿ."

ನೂರು ಜನರ ಮುಂದೆಯೇ ಹೇಳಿದ್ದರಿಂದ ಮತ್ತೆ ಹೇಳಬೇಕಾಗಲಿಲ್ಲ. ಭುವನೇಶ್ವರಿ ಫೋನನ್ನು ಸೆರಗಿನಿಂದ ಒರೆಸಿಕೊಂಡು ತಲೆ ತಗ್ಗಿಸಿ ಹೊರಟುಹೋದಳು. ಅವಳ ಬೆನ್ನು ನೋಡಿ, ಮದುವೆಯಾದಂದಿನಿಂದ ಕಾಣದ ಸುಖವನ್ನು ಅವನು ಕಂಡ.

ವಠಾರದವರ ಕೈಯಲ್ಲಿ ರಸ್ತೆ ಹೋಳಿಗೆಯ ಹಿಟ್ಟಾಯಿತು. ಮೇಲೆ ಕಂಡಷ್ಟು ಮೆತ್ತಗೆ ಒಳಗಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಹೂತು ಮರೆತ ಕಲ್ಲುಚಪ್ಪಡಿಗಳು ಸಿಕ್ಕಿದವು. ಒಂದು ಕಡೆ ಅಡ್ಡ ಬಂದರೆ ಇನ್ನೊಂದು ಕಡೆ ಅಗೆದರು, ಅಲ್ಲಿಯೂ ಅಡ್ಡ ಬಂದರೆ ಮತ್ತೊಂದು ಕಡೆ. ಮಣ್ಣಿನ ರಾಶಿಗಳು ಸಾಲಾಗಿ ಎದ್ದವು. ಹೊತ್ತು ಪಡುವಣಕ್ಕೆ ಇಳಿಯುತ್ತಿರುವಾಗ ಪೈಪಿಗೆಂದು ಅಗೆದ ಕಾಲುವೆ ರಸ್ತೆಯ ಆಚೆ ಬದಿ ಮುಟ್ಟಿತು. ಇರಣ್ಣನನ್ನು ನಾಲ್ಕು ಜನ ಹೊತ್ತು ತಂದು ಕಾಲುವೆಯೊಳಗೆ ನಿಲ್ಲಿಸಿದರು. ಕೈಗೆ ಸ್ಪ್ಯಾನರ್ ಬಂದೊಡನೆ ಅವನಿಗೆ ತಾನಾಗಿ ಎಚ್ಚರವಾಯಿತು. ಪೈಪು ಪೈಪಿಗೆ ಸೇರಿತು. ಚನಬಸಪ್ಪ ಲಿಂಗ ಮುಟ್ಟಿಕೊಂಡು ವಾಲ್ವು ತಿರುಗಿಸಿದ.

ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಕೆಂಪಗೆ ಉಗುಳಿತು, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ಹೊಳೆವ್ವ ಮೊದಲ ಬೊಗಸೆಯನ್ನು ನೆಲಕ್ಕೆ ಬಿಟ್ಟು ಗಂಗವ್ವನಿಗೆ ಕೈ ಮುಗಿದು, ಎರಡನೆಯದನ್ನು ಚನಬಸಪ್ಪನ ಕೈಗೆ ಹಾಕಿದಳು. ಬೆಳಗಿನಿಂದ ಏನೂ ತಿನ್ನದ ಹೊಟ್ಟೆಗೆ ಆ ನೀರು ಪಾದೋದಕದಂತೆ ಇಳಿಯಿತು. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಮಾತು ಉಳಿದಿತ್ತು.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಒಂದು ಜೀಪು ಬಂದು, ಮುಂದೆ ಬರಲಾಗದೆ ನಿಂತಿತು. ಅದರಿಂದ ದೊಡ್ಡ ಸಾಹೇಬರು ಇಳಿದರು. ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಯಲ್ಲಿ ನಿಂಬೆಹಣ್ಣು ಹಿಡಿದು ಭುವನೇಶ್ವರಿ. ಕೆರೆಕೋಡಿ ರಸ್ತೆ ಮುಗಿಯಿತೋ ಇಲ್ಲವೋ ಎಂದು ನೋಡಲು ಸಾಹೇಬರು ಅಂದು ಸಂಜೆ ಬರುವುದು ಹಿಂದೆಯೇ ಗೊತ್ತಾಗಿತ್ತು. ಗೊತ್ತಾಗಿದ್ದದ್ದು ಮೇಲಿನ ಮಹಡಿಗೆ ಮಾತ್ರ.

ಸಾಹೇಬರು ಒಂದು ಮಣ್ಣಿನ ರಾಶಿ ಹತ್ತಿ, ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದರು. "ಏನ್ರೀ ಇದು," ಎಂದರು, "ರೋಡಾ, ಯುದ್ಧಭೂಮಿನಾ?"

ಭುವನೇಶ್ವರಿ ಮೆಲ್ಲಗೆ, ನಾವು ಡಾಂಬರು ಹಾಕಲು ಸಿದ್ಧವಾಗಿದ್ದೆವು ಸರ್, ಅಷ್ಟರಲ್ಲಿ ಹೀಗಾಯಿತು ಎಂದಳು.

ಎರಡು ಇಲಾಖೆಗಳ ನಡುವೆ ಬಹಳ ಕಾಲದಿಂದ ಒಂದು ಪದ್ಧತಿ ನಡೆದುಬಂದಿತ್ತು. ರಸ್ತೆಯನ್ನು ಯಾರು ಕೊನೆಗೆ ಅಗೆದರೋ ಆ ರಸ್ತೆಯಲ್ಲಿರುವ ಗುಂಡಿಗಳೆಲ್ಲ ಅವರವು, ಹಳೆಯದಿರಲಿ ಹೊಸದಿರಲಿ. ಚನಬಸಪ್ಪನಿಗೆ ಇದು ತಿಳಿಯದ್ದಲ್ಲ. ಹಿಂದೊಮ್ಮೆ ಇದೇ ಪದ್ಧತಿ ಹಿಡಿದು ತನ್ನ ಗುಂಡಿಗಳನ್ನೆಲ್ಲ ಕರೆಂಟಿನವರ ತಲೆಗೆ ಕಟ್ಟಿ ಬಂದವನು ಅವನೇ. ಬೆಳಗಿನಿಂದ ಏರಿದ ಸಿಟ್ಟಿನಲ್ಲಿ ಅದೊಂದು ನೆನಪಿಗೆ ಬರಲಿಲ್ಲ.

"ಅಗೆದವರು ನೀವು," ಎಂದರು ಸಾಹೇಬರು. "ರಸ್ತೆ ಪೂರ್ತಿ ನನ್ನ ಜವಾಬ್ದಾರಿ ಅಂತ ಫೋನಲ್ಲಿ ಹೇಳಿದವರೂ ನೀವೇ. ಹಾಗಾದ್ರೆ ಈ ತುದಿಯಿಂದ ಆ ತುದಿವರೆಗೆ ರೋಡ್ ಮಾಡ್ಕೊಡೋದು ನೀರಿನ ಇಲಾಖೆ. ಮುಗಿಯೋವರೆಗೂ ನೀವು ಮೇಡಂ ಕೈಕೆಳಗೆ ಕೆಲಸ ಮಾಡಿ. ರೋಡ್ ಕೆಲಸ ನಿಮಗೆಲ್ಲಿ ಬರುತ್ತೆ, ಅವರು ಹೇಳ್ಕೊಡ್ತಾರೆ."

ಮೇಡಂ, ನಿಮ್ಮ ತಾಳ್ಮೆ ಮೆಚ್ಚಬೇಕಾದ್ದು ಎಂದು ಹೇಳಿ, ನಿಂಬೆಹಣ್ಣು ಇಸಿದುಕೊಂಡು ಅವರು ಜೀಪು ಹತ್ತಿದರು. ಧೂಳು ಇಳಿದ ಮೇಲೆ ಚನಬಸಪ್ಪ ಡಾಂಬರಿನ ಪೀಪಾಯಿಗಾಗಿ ರಸ್ತೆಯ ಎರಡೂ ಬದಿ ಹುಡುಕಿದ.

"ಡಾಂಬರು ಎಲ್ಲೈತಿ?" ಎಂದು ಕಡೆಗೆ ಕೇಳಿದ.

"ಎಲ್ಲೀ ಡಾಂಬರು?" ಎಂದಳು ಭುವನೇಶ್ವರಿ. "ಗುತ್ತಿಗಿದಾರ ಹ್ವಾದ ವರ್ಷಾನ ಓಡಿಹೋಗ್ಯಾನ. ಇವತ್ತ ಸಾಹೇಬ್ರು ಬಂದು ಈ ರಸ್ತೆದಾಗಿನ ಹಳೇ ತಗ್ಗು ನೋಡಿದ್ರ ನನ್ನ ಕತಿ ಮುಗೀತಿತ್ತು."

"ಮತ್ತ ಜೆಸಿಬಿ ಯಾಕ ತಿರುಗಿ ಕಳಿಸಿದಿ? ಮುಂಜಾನೇ ಅಗದು ಬಿಡ್ತಿದ್ನಲ್ಲ." ಸಿಟ್ಟಿನಲ್ಲಿ ಬಹುವಚನ ಬಿಟ್ಟುಹೋಗಿದ್ದು ಅವನಿಗೆ ತಿಳಿಯಲಿಲ್ಲ.

"ಜೆಸಿಬಿ ಇದ್ದಿದ್ರ ಮುಂಜಾನೆ ಅಗದು, ಮಧ್ಯಾನಕ್ಕ ಮುಚ್ಚಿ, ನೆಲಾ ಸಾರಿಸಿ ಹೋಗಿರ್ತಿದ್ರಿ. ಸಾಹೇಬ್ರು ಬರೂತನಾ ತಗ್ಗು ಬಾಯಿ ತಕ್ಕೊಂಡಿರಬೇಕಿತ್ತಲ್ಲ. ಅದಕ್ಕ ಜೆಸಿಬಿ ಕಳಿಸಿದೆ, ಎಣ್ಣಿಗಾಯಿ ಕಳಿಸಿದೆ, ರಾಹುಕಾಲ ನೆನಪು ಮಾಡಿದೆ."

"ಅಗೀಬ್ಯಾಡ್ರಿ ಅಗೀಬ್ಯಾಡ್ರಿ ಅಂತ ಮುಂಜಾನಿಂದ ಬಡಕೊಂಡೀ."

"ಅಗೀರಿ ಅಂದಿದ್ರ ನೀವು ಅಗೀತಿದ್ರೇನು?"

ಚನಬಸಪ್ಪ ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟ. ಅವನಿಗೆ ಆನೇಕಲ್ಲಿನ ಕೋರ್ಟು ನೆನಪಾಯಿತು. ಅಂದು ಅವಳು ಜಡ್ಜಿಯ ಎದುರು ಸೆರಗಿನಲ್ಲಿ ಮುಖ ಮುಚ್ಚಿ, ನನ್ನ ಬಿಡಬ್ಯಾಡ್ರಿ, ನನ್ನ ಬಿಡಬ್ಯಾಡ್ರಿ ಎಂದು ಅತ್ತಿದ್ದಳು. ಬಿಟ್ಟೇ ಬಿಡುತ್ತೇನೆಂದು ಮೇಜು ಗುದ್ದಿದವನು ತಾನು. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವನು ಯಾವುದನ್ನು ನೆನೆಸಿಕೊಂಡನೆಂದು ಅವಳಿಗೆ ಗೊತ್ತಾಯಿತು. ಅವಳು ಸೀರೆಯ ಅಂಚಿಗೆ ಮೆತ್ತಿದ ಮಣ್ಣನ್ನು ಕೊಡವಿಕೊಂಡಳು.

ಕೊಡ ತುಂಬಿಕೊಂಡವರೆಲ್ಲ ಈಗ ಒಬ್ಬೊಬ್ಬರಾಗಿ ಬಂದು, ನೀರೇನೋ ಬಂತು ಸಾಹೇಬರೇ, ಈ ಗುಂಡಿ ದಾಟಿ ಕೊಡ ಒಯ್ಯುವುದು ಹೇಗೆ, ರಸ್ತೆ ಯಾವಾಗ ಮಾಡಿಸುತ್ತೀರಿ ಎಂದು ಕೇಳತೊಡಗಿದರು. ಹನುಮಂತರಾಯಪ್ಪನವರು, ತಮ್ಮ ಕಾರು ಮನೆಯಿಂದ ಹೊರಗೆ ಬರುವ ದಾರಿಯೇ ಇಲ್ಲವೆಂದೂ ನೀರಿನ ಇಲಾಖೆಯ ಮೇಲೆ ದೂರು ಕೊಡುವುದಾಗಿಯೂ ದೂರದಿಂದಲೇ ಕೂಗಿ ಹೇಳಿದರು.

ಕತ್ತಲಾಗುತ್ತಿದ್ದಂತೆ ಚನಬಸಪ್ಪ ಒಂದು ಗಟ್ಟಿ ನಿರ್ಧಾರಕ್ಕೆ ಬಂದ. ಬುದ್ಧಿ ಬಂತು. ಇನ್ನು ಮೇಲೆ ಈ ಹೆಂಗಸು ಏನೇ ಹೇಳಲಿ, ಹೂಂ ಎನ್ನುವುದು. ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಆಗ ಅವಳ ಆಟ ನಡೆಯುವುದಾದರೂ ಹೇಗೆ? ಈ ನಿರ್ಧಾರ ಅವನಿಗೆ ಎಷ್ಟು ಹಿಡಿಸಿತೆಂದರೆ, ಮೈಯ ನೋವನ್ನೂ ಮರೆತು ನೆಟ್ಟಗೆ ಎದ್ದು ನಿಂತ.

ಭುವನೇಶ್ವರಿ ಹೊರಡುವ ಮುಂಚೆ ಅವನ ಹತ್ತಿರ ಬಂದು, ಹಿಂದೆ ಮನೆಯಲ್ಲಿ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದಳು.

"ಭಾಳ ದಣದೀರಿ. ನಾಳೆ ಕೆಲಸಕ್ಕ ಬರಬ್ಯಾಡ್ರಿ. ಎಲ್ಡ ದಿನಾ ರಜಾ ಹಾಕಿ ಮಲಕೋರಿ. ಈ ವಯಸ್ಸಿನ್ಯಾಗ ನಿಮ್ಮಿಂದ ಆಗೂದಿಲ್ಲ."

"ಯಾಕಾಗೂದಿಲ್ಲ?" ಎಂದಿತು ಚನಬಸಪ್ಪನ ಬಾಯಿ. "ಹೊತ್ತು ಹುಟ್ಟೂದ್ರಾಗ ಹಾರಿ ಹಿಡದು ಇಲ್ಲಿರ್ತೀನಿ, ನೋಡ್ತಿರು."